ಮೂರೂವರೆ ಟಿಎಂಸಿ ಮಳೆ, ವಹಿಯಿಲ್ಲದ ಕಾಲುವೆ

ಒಂದು ಚದರ ಕಿಲೋಮೀಟರ್ ನೆಲದ ಮೇಲೆ ಒಂದೇ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಹತ್ತು ಲಕ್ಷ ಲೀಟರ್ ನೀರು. ಈ ಸಣ್ಣ ಲೆಕ್ಕ ತಲೆಯಲ್ಲಿದ್ದರೆ ಸಾಕು, ಬೆಂಗಳೂರಿನ ಮೇಲೆ ಸುರಿಯುವ ಮಳೆಯ ನಿಜವಾದ ಗಾತ್ರ ತಿಳಿಯುತ್ತದೆ. ಅಷ್ಟು ನೀರನ್ನು ಹೊತ್ತೊಯ್ಯಬೇಕಾದ ಕಾಲುವೆಗಳಿಗೆ ನಾವು ಎಂಥ ಲೆಕ್ಕ ಇಟ್ಟಿದ್ದೇವೆ ಎಂದು ನೋಡಿದರೆ ಮಳೆಗಿಂತ ದೊಡ್ಡ ಬೆರಗು ಕಾದಿದೆ.

2022ರ ಸೆಪ್ಟೆಂಬರ್ 4 ಮತ್ತು 5ರ ನಡುವಿನ 24 ಗಂಟೆಗಳಲ್ಲಿ ಬೆಂಗಳೂರಿನಲ್ಲಿ 131.6 ಮಿಲಿಮೀಟರ್ ಮಳೆ ದಾಖಲಾಯಿತು. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವಿಸ್ತೀರ್ಣ 741 ಚದರ ಕಿಲೋಮೀಟರ್. ಮಳೆ ಎಲ್ಲ ಕಡೆ ಸಮನಾಗಿ ಬೀಳುವುದಿಲ್ಲ, ನಿಜ. ಆದರೂ ಅಂದಾಜಿಗಾಗಿ ಸಮನಾಗಿ ಬಿತ್ತೆಂದು ಗುಣಿಸಿದರೆ ಬರುವ ಮೊತ್ತ 9,750 ಕೋಟಿ ಲೀಟರ್. ಅಣೆಕಟ್ಟಿನ ಭಾಷೆಯಲ್ಲಿ ಹೇಳುವುದಾದರೆ ಸುಮಾರು 3.4 ಟಿಎಂಸಿ. ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತವೂ ಸೇರಿ ಬೆಂಗಳೂರಿಗೆ ದಿನವೊಂದಕ್ಕೆ ತರಬಹುದಾದ ನೀರು 222.5 ಕೋಟಿ ಲೀಟರ್. ಆ ಲೆಕ್ಕದಲ್ಲಿ 43 ದಿನಗಳ ಕಾವೇರಿ ನೀರಿಗೂ ಹೆಚ್ಚು ನೀರು ಒಂದೇ ದಿನದಲ್ಲಿ ತಲೆಯ ಮೇಲೆ ಬಿದ್ದಂತಾಯಿತು.

ವರ್ಷದ ಲೆಕ್ಕಕ್ಕೆ ಬನ್ನಿ. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್. ಅಂದರೆ ನಗರದ ಮೇಲೆ ಪ್ರತಿ ವರ್ಷ ಬೀಳುವುದು ಸುಮಾರು 25 ಟಿಎಂಸಿ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ಹಗಲಿರುಳು ಪಂಪು ಓಡಿಸಿ ನಾವು ತರುವ ಕಾವೇರಿ ನೀರು ಐದೂ ಹಂತ ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ವರ್ಷಕ್ಕೆ 28 ಟಿಎಂಸಿಯ ಆಸುಪಾಸು. ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣ. ಇನ್ನು ದಾಖಲೆ ಮುರಿದ 2022ರಲ್ಲಿ ವರ್ಷದ ಮಳೆ 1,950 ಮಿಲಿಮೀಟರ್ ದಾಟಿತು. ಅದನ್ನು ಇದೇ ವಿಸ್ತೀರ್ಣಕ್ಕೆ ಗುಣಿಸಿದರೆ 51 ಟಿಎಂಸಿ. ಕನ್ನಂಬಾಡಿ ಕಟ್ಟೆ ತುಂಬಿದಾಗ ಹಿಡಿಯುವುದು 49.45 ಟಿಎಂಸಿ. ತುಂಬಿದ ಕೃಷ್ಣರಾಜಸಾಗರಕ್ಕಿಂತ ಹೆಚ್ಚು ನೀರು ಆ ಒಂದು ವರ್ಷ ಈ ಊರಿನ ಮೇಲೆ ಸುರಿದುಹೋಯಿತು.

ಈ ನೀರಿಗೆ ದಾರಿ ಯಾವುದು? ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತ ಊರಿದು. ದಿಣ್ಣೆಯಿಂದ ಮೂರು ಕಣಿವೆಗಳು ಇಳಿಯುತ್ತವೆ. ವೃಷಭಾವತಿ ಕಣಿವೆಯ ನೀರು ಅರ್ಕಾವತಿಯ ಮೂಲಕ ಕಾವೇರಿ ಸೇರುತ್ತದೆ. ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುತ್ತದೆ. ಕಡಲ ಮಟ್ಟದಲ್ಲಿರುವ ಮುಂಬೈಯಂಥ ನಗರ ಭರತದ ಹೊತ್ತಿನಲ್ಲಿ ಮಳೆನೀರನ್ನು ಪಂಪು ಹಾಕಿ ಹೊರಗೆ ತಳ್ಳಬೇಕು. ಬೆಂಗಳೂರಿಗೆ ಆ ಕಷ್ಟವಿಲ್ಲ. ಇಳಿಜಾರೇ ನೀರನ್ನು ಪುಕ್ಕಟೆಯಾಗಿ ಸಾಗಿಸುತ್ತದೆ. ಬೇಕಾದುದು ತೆರೆದ, ಸಾಕಷ್ಟು ಅಗಲದ, ಹೂಳಿಲ್ಲದ ಕಾಲುವೆ. ಅದೇ ರಾಜಕಾಲುವೆ.

ರಾಜಕಾಲುವೆಗಳ ಒಟ್ಟು ಉದ್ದ ಎಷ್ಟು? ಒಂದು ಕಡೆ 842 ಕಿಲೋಮೀಟರ್ ಎಂದಿದೆ, ಇನ್ನೊಂದು ಕಡೆ 859.9 ಕಿಲೋಮೀಟರ್ ಎಂದಿದೆ. ಎರಡರ ನಡುವಿನ ವ್ಯತ್ಯಾಸವೇ ಸುಮಾರು 18 ಕಿಲೋಮೀಟರ್. ಹೆಚ್ಚುಕಡಿಮೆ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗಿನ ಹೊರವರ್ತುಲ ರಸ್ತೆಯಷ್ಟು ಉದ್ದದ ಕಾಲುವೆ ಲೆಕ್ಕದ ಎರಡು ಹಾಳೆಗಳ ನಡುವೆ ಇದ್ದೂ ಇಲ್ಲದಂತಿದೆ.

ಇದು ದೊಡ್ಡ ಕಾಲುವೆಗಳ ಮಾತಾಯಿತು. ರಸ್ತೆ ಬದಿಯ ಮೋರಿಗಳು ಬೇರೆ. ಆ ಪಾಲಿಕೆಯ ರಸ್ತೆಗಳ ಉದ್ದ ಸುಮಾರು 12,878 ಕಿಲೋಮೀಟರ್ ಇತ್ತು. ಪ್ರತಿ ರಸ್ತೆಗೂ ಎರಡು ಬದಿಯಲ್ಲಿ ಮೋರಿ ಇರಬೇಕೆಂದರೆ 25,756 ಕಿಲೋಮೀಟರ್ ಬೇಕು. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಒಂದು ಊರಿನ ಮೋರಿಗಳನ್ನು ತುದಿಗೆ ತುದಿ ಜೋಡಿಸಿದರೆ ಭೂಮಿಯನ್ನು ಅರ್ಧಕ್ಕಿಂತ ಹೆಚ್ಚು ಸುತ್ತಬಹುದು.

ರಾಜಕಾಲುವೆಗೆ ಸರಾಸರಿ ಹತ್ತು ಮೀಟರ್ ಅಗಲದ ಜಾಗವೆಂದು ಇಟ್ಟುಕೊಳ್ಳಿ. 860 ಕಿಲೋಮೀಟರಿಗೆ 860 ಹೆಕ್ಟೇರ್, ಅಂದರೆ 2,125 ಎಕರೆ. ಲಾಲ್‌ಬಾಗ್ 240 ಎಕರೆ. ಹೆಚ್ಚುಕಡಿಮೆ ಒಂಬತ್ತು ಲಾಲ್‌ಬಾಗಿನಷ್ಟು ಜಾಗ, ಅದೂ ದೇಶದಲ್ಲೇ ಭಾರಿ ಬೆಲೆಯ ನೆಲದಲ್ಲಿ, ಮಳೆನೀರಿಗೆಂದು ಸಾರ್ವಜನಿಕರ ಹೆಸರಿನಲ್ಲಿದೆ. ಇದು ನಗರದ ಅತಿ ದೊಡ್ಡ ಆಸ್ತಿಗಳಲ್ಲಿ ಒಂದು.

ಆ ಆಸ್ತಿ ಎಷ್ಟು ಕರಗಿದೆ ಎಂಬುದಕ್ಕೆ ಬೆಂಗಳೂರಿನ ಮಳೆನೀರು ನಿರ್ವಹಣೆಯ ಬಗ್ಗೆ 2021ರಲ್ಲಿ ಮಂಡನೆಯಾದ ಸಿಎಜಿ ವರದಿಯೇ ಸಾಕ್ಷಿ. ಕೋರಮಂಗಲ ಕಣಿವೆಯಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿದ್ದ 113.24 ಕಿಲೋಮೀಟರ್ ಕಾಲುವೆ 2016-17ಕ್ಕೆ 62.84 ಕಿಲೋಮೀಟರಿಗೆ ಇಳಿದಿತ್ತು. ವೃಷಭಾವತಿ ಕಣಿವೆಯಲ್ಲಿ 226.29 ಇದ್ದದ್ದು 110.94 ಆಗಿತ್ತು. ಎರಡೇ ಕಣಿವೆಗಳಲ್ಲಿ ಮಾಯವಾದದ್ದು 165 ಕಿಲೋಮೀಟರಿಗೂ ಹೆಚ್ಚು. ಬೆಂಗಳೂರಿನಿಂದ ಮೈಸೂರಿಗೆ ಇರುವ ದಾರಿಗಿಂತ ಉದ್ದದ ಕಾಲುವೆ ಅಂಗಡಿ, ಮನೆ, ಬಡಾವಣೆ, ರಸ್ತೆಗಳ ಅಡಿಗೆ ಹೋಗಿದೆ. ಕಾಲುವೆಗಳ ಪೂರ್ಣ ದಾಖಲೆ ಪಾಲಿಕೆಯ ಬಳಿ ಇಲ್ಲವೆಂಬ ಕೊರತೆಯನ್ನೂ ಅದೇ ವರದಿ ಎತ್ತಿ ತೋರಿತ್ತು. ಪಟ್ಟಿಯಲ್ಲೇ ಇಲ್ಲದ ಕಾಲುವೆ ಕಳೆದುಹೋದರೆ ಕೇಳುವವರಾದರೂ ಯಾರು?

ಕಾಲುವೆ ಕುಗ್ಗಿದ ಇದೇ ಅವಧಿಯಲ್ಲಿ ಅದಕ್ಕೆ ಬರುವ ನೀರು ಹೆಚ್ಚಿತು. ಗಂಟೆಗೆ 75 ಮಿಲಿಮೀಟರ್ ವೇಗದ ಮಳೆ ಒಂದು ಚದರ ಕಿಲೋಮೀಟರಿನ ಮೇಲೆ ಸುರಿಯುತ್ತಿದೆ ಎಂದುಕೊಳ್ಳಿ. ಹೊಲ, ತೋಪು, ಗೋಮಾಳದ ನೆಲವಾದರೆ ಹತ್ತರಲ್ಲಿ ಮೂರು ಪಾಲು ನೀರು ಹರಿದು ಬರುತ್ತದೆ, ಉಳಿದದ್ದನ್ನು ಮಣ್ಣು ಕುಡಿಯುತ್ತದೆ. ಆಗ ಕಾಲುವೆಗೆ ಬರುವುದು ಸೆಕೆಂಡಿಗೆ ಸುಮಾರು 6,250 ಲೀಟರ್. ಅದೇ ನೆಲ ಕಾಂಕ್ರೀಟು, ಟಾರು, ತಾರಸಿಯಾದರೆ ಹತ್ತರಲ್ಲಿ ಒಂಬತ್ತು ಪಾಲು ಹರಿದು ಬರುತ್ತದೆ. ಆಗ ಸೆಕೆಂಡಿಗೆ 18,750 ಲೀಟರ್. ಆಕಾಶ ಒಂದು ಹನಿಯನ್ನೂ ಹೆಚ್ಚು ಸುರಿಸದೆ ಪ್ರವಾಹ ಮೂರು ಪಟ್ಟಾಯಿತು. ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಓಡುತ್ತದೆಂದರೆ ಮೊದಲು ಮೂರು ಮೀಟರಿಗಿಂತ ತುಸು ಹೆಚ್ಚು ಅಗಲ, ಒಂದು ಮೀಟರ್ ಆಳದ ಕಾಲುವೆ ಸಾಕಾಗುತ್ತಿತ್ತು. ಈಗ ಐದು ಮೀಟರ್ ಅಗಲ, ಎರಡು ಮೀಟರ್ ಆಳ ಬೇಕು. ಅಂಥ ಕಾಲುವೆಯನ್ನೇ ಕಟ್ಟಿದ್ದರೂ ತಳದಲ್ಲಿ ಅರ್ಧ ಮೀಟರ್ ಹೂಳು ಕುಳಿತರೆ ಕಾಲುಭಾಗ ಜಾಗ ಹೋಯಿತು, ನೀರು ದಡ ಮೀರಿತು. 860 ಕಿಲೋಮೀಟರ್ ಉದ್ದಕ್ಕೂ ಐದು ಮೀಟರ್ ಅಗಲದಲ್ಲಿ ಅಷ್ಟು ಹೂಳು ತುಂಬಿದೆ ಎಂದುಕೊಂಡರೆ ತೆಗೆಯಬೇಕಾದದ್ದು 21.5 ಲಕ್ಷ ಘನ ಮೀಟರ್. ಹತ್ತು ಘನ ಮೀಟರಿನ ಟಿಪ್ಪರ್‌ಗಳಲ್ಲಿ ಸಾಗಿಸಿದರೆ 2.15 ಲಕ್ಷ ಲೋಡು!

ಮೊದಲು ಈ ನೀರನ್ನು ತಡೆದು ನಿಲ್ಲಿಸಲು ಕೆರೆಗಳಿದ್ದವು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಹೋದ್ಯೋಗಿಗಳ ಅಧ್ಯಯನದ ಪ್ರಕಾರ 1800ರ ದಶಕಗಳಲ್ಲಿ ಇದೇ 741 ಚದರ ಕಿಲೋಮೀಟರ್ ವ್ಯಾಪ್ತಿಯಲ್ಲಿ 1,452 ಜಲಮೂಲಗಳಿದ್ದವು, ಅವು 35 ಟಿಎಂಸಿ ನೀರು ಹಿಡಿಯಬಲ್ಲವಾಗಿದ್ದವು. ಈಗ ಉಳಿದಿರುವುದು ಇನ್ನೂರಕ್ಕೂ ಕಡಿಮೆ, ಸಾಮರ್ಥ್ಯ 5 ಟಿಎಂಸಿ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕಳೆದುಕೊಂಡ 30 ಟಿಎಂಸಿ ಎಂದರೆ 2022ರ ಸೆಪ್ಟೆಂಬರಿನ ಆ ಮಳೆಯಂಥ ಎಂಟು ಮಳೆಗಳನ್ನು ಪೂರ್ತಿಯಾಗಿ ನುಂಗಿಕೊಳ್ಳುವಷ್ಟು ಜಾಗ.

ಆ ಕೆರೆಗಳನ್ನು ಕಟ್ಟಿದವರು ಕಟ್ಟಿ ಕೈತೊಳೆದುಕೊಂಡವರಲ್ಲ. ಏರಿ ಭದ್ರಪಡಿಸಲು, ತೂಬು ಸರಿಮಾಡಲು, ಹೂಳೆತ್ತಲು ಆದಾಯ ಎಲ್ಲಿಂದ ಬರಬೇಕೆಂಬುದನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಬಿತ್ತುವಟ್ಟ, ಕಟ್ಟುಗೊಡಗೆ ಎಂದು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವುದು ಇಂಥ ವ್ಯವಸ್ಥೆಯೇ. ಕೆರೆಯ ಕೆಳಗಿನ ಭೂಮಿ, ಅದರ ಒಂದು ಪಾಲು ಉತ್ಪನ್ನ, ಕೆರೆಯ ಪಾಲನೆಗೆ ಮೀಸಲು. ನೀರು ಹಂಚಲು ನೀರುಗಂಟಿ ಇದ್ದ, ಅವನಿಗೆ ಊರಿನಿಂದ ಆಯ ಇತ್ತು. ಆಸ್ತಿ ಯಾವುದು, ನೋಡಿಕೊಳ್ಳುವವರು ಯಾರು, ಖರ್ಚಿಗೆ ದಾರಿ ಯಾವುದು ಎಂಬ ಮೂರಕ್ಕೂ ಉತ್ತರ ಸಿದ್ಧವಿತ್ತು.

ಇಂದು ಜಗತ್ತಿನ ನಗರಾಡಳಿತಗಳು ಆಸ್ತಿ ನಿರ್ವಹಣೆ ಎನ್ನುವುದು ಈ ಮೂರು ಪ್ರಶ್ನೆಗಳ ವಿಸ್ತಾರವನ್ನೇ. 2014ರಿಂದ ಇದಕ್ಕೆ ಐಎಸ್‌ಒ 55000 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಕೆಲಸ ಹೀಗೆ ನಡೆಯುತ್ತದೆ: ಮೊದಲು ಪ್ರತಿಯೊಂದು ಕಾಲುವೆ, ಮೋರಿ, ಕಿರುಸೇತುವೆ, ಕೊಳವೆಗೆ ಒಂದು ಸಂಖ್ಯೆ ಕೊಟ್ಟು ನಕ್ಷೆಯ ಮೇಲೆ ಗುರುತಿಸುವುದು. ಎಲ್ಲಿಂದ ಎಲ್ಲಿಗೆ, ಎಷ್ಟು ಅಗಲ, ಎಷ್ಟು ಆಳ, ಕಲ್ಲಿನದೋ ಕಾಂಕ್ರೀಟಿನದೋ, ಕಟ್ಟಿದ್ದು ಯಾವಾಗ ಎಂದು ಒಂದು ವಹಿಯಲ್ಲಿ ಬರೆಯುವುದು. ಆಮೇಲೆ ಸ್ಥಿತಿ ನೋಡಿ ಒಂದರಿಂದ ಐದರವರೆಗೆ ಅಂಕ ಹಾಕುವುದು. ಒಂದೆಂದರೆ ಹೊಸತರಂತಿದೆ, ಐದೆಂದರೆ ಬೀಳುವ ಹಂತದಲ್ಲಿದೆ. ಇನ್ನೆಷ್ಟು ವರ್ಷ ಬಾಳುತ್ತದೆ, ಮತ್ತೆ ಕಟ್ಟಲು ಎಷ್ಟು ಖರ್ಚು ಎಂದು ಅಂದಾಜು ಮಾಡುವುದು. ಕೊನೆಗೆ, ಅದು ಕೈಕೊಟ್ಟರೆ ಯಾರಿಗೆ ಎಷ್ಟು ಹಾನಿ ಎಂಬುದಕ್ಕೂ ಒಂದರಿಂದ ಐದರ ಅಂಕ.

ಈ ಎರಡು ಅಂಕಗಳನ್ನು ಗುಣಿಸಿದಾಗ ಯಾವ ಕೆಲಸ ಮೊದಲು ಎಂಬುದಕ್ಕೆ ಉತ್ತರ ಸಿಗುತ್ತದೆ. ಖಾಲಿ ಜಾಗದ ಪಕ್ಕ ಕಾಲುವೆಯೊಂದು ಪೂರ್ತಿ ಕುಸಿದಿದೆ: ಸ್ಥಿತಿ ಐದು, ಹಾನಿ ಒಂದು, ಗುಣಲಬ್ಧ ಐದು. ಆಸ್ಪತ್ರೆಯ ಎದುರಿನ ಕಾಲುವೆಯಲ್ಲಿ ಬಿರುಕು ಬಿಟ್ಟಿದೆ ಅಷ್ಟೆ: ಸ್ಥಿತಿ ಮೂರು, ಹಾನಿ ಐದು, ಗುಣಲಬ್ಧ ಹದಿನೈದು. ಕಣ್ಣಿಗೆ ಕೆಟ್ಟದಾಗಿ ಕಾಣುವುದು ಮೊದಲನೆಯದು, ದುಡ್ಡು ಮೊದಲು ಹೋಗಬೇಕಾದದ್ದು ಎರಡನೆಯದಕ್ಕೆ. ಈ ಲೆಕ್ಕ ಇಲ್ಲದ ಕಡೆ ಯಾರ ಕೂಗು ಜೋರೋ ಅವರ ಬೀದಿಗೆ ಕಾಂಕ್ರೀಟು ಬೀಳುತ್ತದೆ. ಬಿರುಕು ಇದ್ದಾಗಲೇ ಮುಚ್ಚಿದರೆ ಸಣ್ಣ ಬಿಲ್ಲು, ಗೋಡೆ ಕುಸಿದ ಮೇಲೆ ಹೋದರೆ ಕೋಟಿಗಟ್ಟಲೆ ಟೆಂಡರು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತರಬೇಡಿ ಎಂದು ಹಿರಿಯರು ಹೇಳಿದ್ದು ಇದಕ್ಕೂ ಸಲ್ಲುತ್ತದೆ.

ಎಂಥ ಮಳೆಯನ್ನು ತಡೆದುಕೊಳ್ಳಬೇಕು ಎಂಬ ತೀರ್ಮಾನವೂ ಈ ವಹಿಯಲ್ಲೇ ಇರಬೇಕು. ಸರಾಸರಿ ಐದು ವರ್ಷಕ್ಕೊಮ್ಮೆ ಬರುವ ಮಳೆಗೆಂದು ಕಟ್ಟಿದ ಕಾಲುವೆ ಮುಂದಿನ ಹತ್ತು ವರ್ಷಗಳಲ್ಲಿ ಒಮ್ಮೆಯಾದರೂ ಉಕ್ಕುವ ಸಂಭವ ಶೇಕಡಾ 89. 25 ವರ್ಷಕ್ಕೊಮ್ಮೆಯ ಮಳೆಗೆಂದು ಕಟ್ಟಿದರೆ ಅದೇ ಹತ್ತು ವರ್ಷಗಳಲ್ಲಿ ಸಂಭವ ಶೇಕಡಾ 34. ನೂರು ವರ್ಷಕ್ಕೊಮ್ಮೆ ಎಂದರೂ, ಕಾಲುವೆಯ ಐವತ್ತು ವರ್ಷದ ಆಯುಷ್ಯದಲ್ಲಿ ಅಂಥ ಮಳೆ ಒಮ್ಮೆಯಾದರೂ ಬರುವ ಸಂಭವ ಶೇಕಡಾ 39. ಇದು ಹಳೆಯ ಮಳೆಯ ಅಂಕಿ ಹಿಡಿದು ಹಾಕಿದ ಲೆಕ್ಕ. ಮಳೆಯೋ ಹಳೆಯ ಅಂಕಿಗಳನ್ನು ಮುರಿಯುತ್ತಲೇ ಇದೆ. 1891ರ ಜೂನ್ 16ರಂದು ಬೆಂಗಳೂರಿನಲ್ಲಿ ಬಿದ್ದ 101.6 ಮಿಲಿಮೀಟರ್ ಜೂನ್ ತಿಂಗಳ ಒಂದು ದಿನದ ದಾಖಲೆಯಾಗಿ 133 ವರ್ಷ ನಿಂತಿತ್ತು. 2024ರ ಜೂನ್ 2ರಂದು 111.1 ಮಿಲಿಮೀಟರ್ ಸುರಿದು ಅದನ್ನು ಅಳಿಸಿತು.

ಇನ್ನು ದುಡ್ಡಿನ ಮಾತು. ಲೆಕ್ಕದ ಅನುಕೂಲಕ್ಕೆ, ಒಂದು ಕಿಲೋಮೀಟರ್ ರಾಜಕಾಲುವೆಯನ್ನು ಹೊಸದಾಗಿ ಕಟ್ಟಲು ಹತ್ತು ಕೋಟಿ ರೂಪಾಯಿ ಎಂದಿಟ್ಟುಕೊಳ್ಳೋಣ. 860 ಕಿಲೋಮೀಟರಿಗೆ 8,600 ಕೋಟಿ. ಕೇಳಿದರೆ ಎದೆ ಧಸಕ್ಕೆನ್ನುವ ಮೊತ್ತ. ಆದರೆ ಕಾಲುವೆ ಐವತ್ತು ವರ್ಷ ಬಾಳುತ್ತದೆ. ವರ್ಷಕ್ಕೆ ಸವೆಯುವುದು 172 ಕೋಟಿ. ಹೂಳೆತ್ತಲು, ದುರಸ್ತಿಗೆ, ತಪಾಸಣೆಗೆ ಬೆಲೆಯ ಶೇಕಡಾ ಐದರಷ್ಟು, ಅಂದರೆ 430 ಕೋಟಿ ಸೇರಿಸಿ. ಒಟ್ಟು ವರ್ಷಕ್ಕೆ 602 ಕೋಟಿ. ನಗರದ ಜನಸಂಖ್ಯೆ 1.4 ಕೋಟಿ ಎಂದರೆ ತಲೆಗೆ ವರ್ಷಕ್ಕೆ 430 ರೂಪಾಯಿ, ದಿನಕ್ಕೆ ಒಂದು ರೂಪಾಯಿ ಇಪ್ಪತ್ತು ಪೈಸೆಗಿಂತ ಕಡಿಮೆ. 2025-26ರ ಪಾಲಿಕೆ ಬಜೆಟ್ಟಿನ ಗಾತ್ರ 19,927 ಕೋಟಿ. ಅದರಲ್ಲಿ ಇದು ನೂರಕ್ಕೆ ಮೂರು ರೂಪಾಯಿ.

ಈಗ ನಷ್ಟದ ಕಡೆ ನೋಡಿ. 2022ರ ಆಗಸ್ಟ್ 30ರಂದು ಮಳೆಯಿಂದ ಹೊರವರ್ತುಲ ರಸ್ತೆಯಲ್ಲಿ ಉದ್ಯೋಗಿಗಳು ಐದು ಗಂಟೆ ಸಿಕ್ಕಿಕೊಂಡರು. ಆ ಒಂದು ದಿನದ ನಷ್ಟ 225 ಕೋಟಿ ರೂಪಾಯಿ ಎಂದು ಅಲ್ಲಿನ ಕಂಪನಿಗಳ ಒಕ್ಕೂಟವೇ ಮುಖ್ಯಮಂತ್ರಿಗೆ ಪತ್ರ ಬರೆಯಿತು. ಇಡೀ ನಗರದ ರಾಜಕಾಲುವೆಗಳು ಒಂದು ವರ್ಷದಲ್ಲಿ ಸವೆಯುವ ಬೆಲೆ ನಮ್ಮ ಅಂದಾಜಿನಲ್ಲಿ 172 ಕೋಟಿ. ಒಂದೇ ರಸ್ತೆ ಒಂದೇ ದಿನ ನಿಂತದ್ದಕ್ಕೆ 225 ಕೋಟಿ. ಮನೆಯೊಳಗೆ ನೀರು ನುಗ್ಗಿ ಅಕ್ಕಿ, ಹಾಸಿಗೆ, ಮಕ್ಕಳ ಪುಸ್ತಕ ಕಳೆದುಕೊಂಡ ತಗ್ಗು ಪ್ರದೇಶದ ಬಡವರ ನಷ್ಟ ಈ ಪತ್ರದ ಲೆಕ್ಕದಲ್ಲಿ ಇಲ್ಲ. ಅವರ ಪರವಾಗಿ ಪತ್ರ ಬರೆಯುವ ಒಕ್ಕೂಟವೂ ಇಲ್ಲ.

ಐವತ್ತು ವರ್ಷದ ಆಯುಷ್ಯವೆಂದರೆ ಪ್ರತಿ ವರ್ಷ 17 ಕಿಲೋಮೀಟರ್ ಕಾಲುವೆ ಹೊಸದಾಗಬೇಕು. ವರ್ಷಕ್ಕೆ ಐದೇ ಕಿಲೋಮೀಟರ್ ಕಟ್ಟುತ್ತಾ ಹೋದರೆ ಪ್ರತಿ ಕಾಲುವೆಯ ಸರದಿ ಬರುವುದು 172 ವರ್ಷಕ್ಕೊಮ್ಮೆ. ಇನ್ನು ಒಂದು ವರ್ಷ ನೂರು ಕಿಲೋಮೀಟರಿಗೆ ಹಣ ಸುರಿದು, ಮುಂದಿನ ಐದು ವರ್ಷ ಸುಮ್ಮನಿದ್ದರೆ? ಸರಾಸರಿ ಸರಿಹೋಗಬಹುದು, ಕೆಲಸ ಸರಿಹೋಗದು. ನುರಿತ ಎಂಜಿನಿಯರು, ಗುಣಮಟ್ಟದ ಪರಿಶೀಲನೆ, ಹೂಳು ಹಾಕುವ ಜಾಗ, ಯಾವುದೂ ಒಂದೇ ವರ್ಷದಲ್ಲಿ ಹುಟ್ಟುವುದಿಲ್ಲ. ಪ್ರವಾಹ ಬಂದ ಮೇಲೆ ಅನುದಾನ ಘೋಷಿಸುವ ರೂಢಿ ನಮ್ಮಲ್ಲಿ ಬೇರುಬಿಟ್ಟಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಮಳೆನೀರಿನ ಕಾಲುವೆಗೆ ಬೇಕಾದುದು ಪ್ರತಿ ವರ್ಷ ತಪ್ಪದೆ ಬರುವ, ಬೇರೆ ಕೆಲಸಕ್ಕೆ ತಿರುಗಿಸಲಾಗದ ಹಣ.

ಆ ಹಣ ಯಾರು ಕೊಡಬೇಕು? ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ನಗರ 1974ರಲ್ಲೇ ಮಳೆನೀರಿಗೆ ಪ್ರತ್ಯೇಕ ಸೇವಾ ವ್ಯವಸ್ಥೆ ಮಾಡಿ ಶುಲ್ಕ ವಸೂಲಿಗೆ ತೊಡಗಿತು. ಈಗ ಆ ದೇಶದಲ್ಲಿ ಅಂಥ ಸಂಸ್ಥೆಗಳು ಎರಡು ಸಾವಿರದ ಆಸುಪಾಸಿನಲ್ಲಿವೆ. ಫಿಲಡೆಲ್ಫಿಯ ನಗರ 2010ರಿಂದ ವಾಣಿಜ್ಯ ಕಟ್ಟಡಗಳಿಗೆ ನೀರು ಇಂಗದ ನೆಲ ಎಷ್ಟಿದೆಯೆಂದು ಅಳೆದು ಶುಲ್ಕ ಹಾಕತೊಡಗಿತು. ಜರ್ಮನಿಯ ಊರುಗಳಲ್ಲಿ ಮುಚ್ಚಿದ ನೆಲದ ಪ್ರತಿ ಚದರ ಮೀಟರಿಗೂ ಮಳೆನೀರಿನ ಶುಲ್ಕವಿದೆ. ತತ್ವ ನೇರವಾಗಿದೆ: ಯಾರ ನೆಲ ಎಷ್ಟು ನೀರನ್ನು ಬೀದಿಗೆ ತಳ್ಳುತ್ತದೋ ಅವರು ಅಷ್ಟು ಕೊಡಬೇಕು. ನೀರು ಇಂಗಿಸಿದವರಿಗೆ ರಿಯಾಯಿತಿ.

ಬೆಂಗಳೂರಿಗೆ ಅನ್ವಯಿಸಿ ನೋಡೋಣ. ಖಾಸಗಿ ತಾರಸಿ, ಅಂಗಳ, ಪಾರ್ಕಿಂಗ್ ಸೇರಿ 300 ಚದರ ಕಿಲೋಮೀಟರ್ ನೀರಿಂಗದ ನೆಲವಿದೆ ಎಂದುಕೊಂಡರೆ ಆ 602 ಕೋಟಿ ಚದರ ಮೀಟರಿಗೆ ವರ್ಷಕ್ಕೆ ಇಪ್ಪತ್ತು ರೂಪಾಯಿಯಂತೆ ಹುಟ್ಟುತ್ತದೆ. ಪೂರ್ತಿ ಮುಚ್ಚಿದ 30×40 ಸೈಟಿಗೆ ವರ್ಷಕ್ಕೆ ಸುಮಾರು 2,230 ರೂಪಾಯಿ. ಐದು ಎಕರೆಯ ಮಾಲ್‌ಗೆ ಸುಮಾರು ನಾಲ್ಕು ಲಕ್ಷ ರೂಪಾಯಿ. ಮಳೆಕೊಯ್ಲು ಮಾಡಿ ನೀರು ಹಿಡಿದವರಿಗೆ ಇದರಲ್ಲೂ ಕಡಿತ ಕೊಡಬಹುದು, ಕೊಡಲೇಬೇಕು. 131.6 ಮಿಲಿಮೀಟರ್ ಮಳೆಯಲ್ಲಿ 30×40 ಸೈಟಿನ ಮೇಲೆ ಬೀಳುವುದು ಸುಮಾರು 14,700 ಲೀಟರ್. ಅಂಥ ಇಪ್ಪತ್ತು ಲಕ್ಷ ಆಸ್ತಿಗಳು ತಲಾ 5,000 ಲೀಟರ್ ಹಿಡಿದಿಟ್ಟರೆ 1,000 ಕೋಟಿ ಲೀಟರ್. ಆ ದಿನದ ಮಳೆಯ ಹತ್ತನೇ ಒಂದು ಪಾಲು ಬೀದಿಗೇ ಇಳಿಯುವುದಿಲ್ಲ. ಉಳಿದ ಒಂಬತ್ತು ಪಾಲಿಗೆ ಕಾಲುವೆ ಬೇಕೇ ಬೇಕು.

2025ರಲ್ಲಿ ಪಾಲಿಕೆಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ನಗರ ಐದು ಪಾಲಿಕೆಗಳಾಯಿತು. ನೀರು ಪಾಲಿಕೆಗಳ ಗಡಿ ನೋಡಿ ಹರಿಯುವುದಿಲ್ಲ, ಕಣಿವೆ ನೋಡಿ ಹರಿಯುತ್ತದೆ. ಮೇಲಿನ ಪಾಲಿಕೆ ಹೂಳೆತ್ತದಿದ್ದರೆ ಕೆಳಗಿನ ಪಾಲಿಕೆಯ ಮನೆಗಳು ಮುಳುಗುತ್ತವೆ. ಆದ್ದರಿಂದ ಐದು ಪಾಲಿಕೆಗಳಿಗೂ ಕಣಿವೆವಾರು ಒಂದೇ ಕಾಲುವೆ ವಹಿ ಇರಬೇಕು. ಆಸ್ತಿಪಾಸ್ತಿಗಳನ್ನು ಹಂಚಿಕೊಳ್ಳುವ ಈ ಹೊತ್ತೇ ಅದನ್ನು ತೆರೆಯಲು ಸರಿಯಾದ ಹೊತ್ತು. ಮಳೆ ಮಾಪನ, ಕಾಲುವೆಯ ನೀರಿನ ಮಟ್ಟ ಅಳೆಯುವ ಸಂವೇದಕ, ಮುನ್ಸೂಚನೆ ಕೊಡುವ ಮೇಘ ಸಂದೇಶ ಆ್ಯಪ್ ಎಲ್ಲವೂ ಊರಿನಲ್ಲಿವೆ. ಕೊರತೆ ತಂತ್ರಜ್ಞಾನದ್ದಲ್ಲ, ವಹಿ ತೆರೆದು ವರ್ಷವರ್ಷವೂ ಬರೆಯುವ ಶಿಸ್ತಿನದು.

ಮುಂದಿನ ಬಾರಿ ನಿಮ್ಮ ವಾರ್ಡಿನಲ್ಲಿ ಕಾಲುವೆ ಕಾಮಗಾರಿಗೆ ಗುದ್ದಲಿ ಪೂಜೆ ನಡೆದಾಗ ಮೂರು ಪ್ರಶ್ನೆ ಕೇಳಿ. ಈ ಕಾಲುವೆಯ ಸಂಖ್ಯೆ ಏನು? ಇದರ ಸ್ಥಿತಿಗೆ ಎಷ್ಟು ಅಂಕ ಬಂದಿದೆ? ಮುಂದಿನ ಐವತ್ತು ವರ್ಷ ಇದನ್ನು ನೋಡಿಕೊಳ್ಳಲು ಪ್ರತಿ ವರ್ಷ ಎಷ್ಟು ಹಣ, ಯಾವ ಬಾಬತ್ತಿನಿಂದ? ಉತ್ತರ ಸಿಗುವವರೆಗೂ ಕೇಳುತ್ತಲೇ ಇರಿ. ತಲೆಗೆ ದಿನಕ್ಕೆ ಒಂದೂ ಕಾಲು ರೂಪಾಯಿಯೊಳಗೆ ಕಾಯಬಹುದಾದ ಊರನ್ನು ಲೆಕ್ಕ ಇಡದ ಕಾರಣಕ್ಕೆ ಮುಳುಗಲು ಬಿಡಬಾರದು.